ನಮ್ಮ ಶಾಲೆಯ ಬಾಗಿಲು ಹೇಗಿರಬೇಕು?



ಬೆಳಿಗ್ಗೆ ಶಾಲೆಗೆ ಬಂದ ಕೂಡಲೇ ನೀವು ಮೊದಲು ಮುಟ್ಟುವ ವಸ್ತು ಯಾವುದು ಹೇಳಿ ನೋಡೋಣ. ತರಗತಿಯ ಬಾಗಿಲು! ದಿನಕ್ಕೆ ಹತ್ತಾರು ಸಲ ಅದನ್ನು ದೂಡುತ್ತೀರಿ, ಎಳೆಯುತ್ತೀರಿ, ಕೆಲವೊಮ್ಮೆ ದಢಾರನೆ ಬಡಿದು ಮೇಷ್ಟ್ರಿಂದ ಬೈಸಿಕೊಳ್ಳುತ್ತೀರಿ. ಆದರೆ ಎಂದಾದರೂ ನಿಂತು ಅದನ್ನು ಗಮನವಿಟ್ಟು ನೋಡಿದ್ದೀರಾ?

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹಳೆಯ ಹಂಚಿನ ಶಾಲೆಗಳು ಬಹಳ ಇವೆ. ಬೇಸಿಗೆ ರಜೆ ಬಂತೆಂದರೆ ಅಲ್ಲಲ್ಲಿ ದುರಸ್ತಿ ಕೆಲಸ ನಡೆಯುತ್ತದೆ. ಮಾಡು ಸರಿಮಾಡುತ್ತಾರೆ, ಗೋಡೆಗೆ ಸುಣ್ಣಬಣ್ಣ ಬಳಿಯುತ್ತಾರೆ. ಬಾಗಿಲಿನ ವಿಚಾರ ಬಂದಾಗ ಮಾತ್ರ "ದೊಡ್ಡ ಬೀಗ ಒಂದು ತಂದರಾಯಿತು" ಎನ್ನುವವರೇ ಹೆಚ್ಚು. ಶಾಲೆಯೊಳಗೆ ಈಗ ಬಿಸಿಯೂಟದ ಅಕ್ಕಿ ಬೇಳೆ ಇರುತ್ತದೆ, ಹಾಲಿನ ಪುಡಿ ಇರುತ್ತದೆ, ಕಂಪ್ಯೂಟರ್, ಟಿ.ವಿ., ಪುಸ್ತಕಗಳು ಇರುತ್ತವೆ. ಇವನ್ನು ಕಾಯುವುದು ಬಾಗಿಲಿನ ಒಂದು ಕೆಲಸ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಅದು ಯಾವುದೆಂದು ತಿಳಿಯಲು ನನ್ನದೇ ಒಂದು ಕಥೆ ಕೇಳಿ.

ಮಳೆಯ ದಿನದ ಒಂದು ಪಾಠ

ನಾನು ಕೆಲಸಕ್ಕೆ ಸೇರಿದ ಹೊಸತು. ಜುಲೈ ತಿಂಗಳು. ಮಳೆ ಜೋರಾಗಿ ಹೊಡೆಯುತ್ತಿದ್ದುದರಿಂದ ಮಕ್ಕಳನ್ನು ಬೇಗ ಬಿಟ್ಟೆವು. ಕೋಣೆಗಳಿಗೆ ಬೀಗ ಹಾಕಿದವನು ನಾನೇ. ಗದ್ದೆಯಂಚಿನಲ್ಲಿ ಅರ್ಧ ದಾರಿ ನಡೆದಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದು, "ಸಾರ್, ತಮ್ಮ ಎಲ್ಲೂ ಕಾಣ್ತಿಲ್ಲ ಸಾರ್" ಎಂದಳು.

ಇಬ್ಬರೂ ಶಾಲೆಗೆ ಓಡಿದೆವು. ಜ್ವರ ಬಂದು ಮೂಲೆಯ ಬೆಂಚಿನ ಹಿಂದೆ ಮಲಗಿದ್ದ ಆ ಎರಡನೇ ತರಗತಿಯ ಹುಡುಗ ಒಳಗೇ ಉಳಿದುಬಿಟ್ಟಿದ್ದ. ಕೀಲಿಕೈ ಹಾಕಿದರೆ ತುಕ್ಕು ಹಿಡಿದ ಬೀಗ ತಿರುಗಲಿಲ್ಲ. ಹುಡುಗ ಕಿಟಕಿಯ ಸರಳಿನ ನಡುವೆ ಕೈ ಹೊರಚಾಚಿ ಅಳುತ್ತಿದ್ದ. ಅಕ್ಕ ಆ ಕೈ ಹಿಡಿದು ಮಳೆಯಲ್ಲಿ ನಿಂತಿದ್ದಳು. ಕೊನೆಗೆ ಕಲ್ಲಿನಿಂದ ಕೊಂಡಿ ಒಡೆದು ಬಾಗಿಲು ತೆಗೆಯಬೇಕಾದರೆ ಹತ್ತು ನಿಮಿಷ ಹಿಡಿಯಿತು.

ಒಳಗೆ ನೋಡದೆ ಬೀಗ ಹಾಕಿದ ತಪ್ಪು ನನ್ನದು. ಅಂದು ನಾನು ಕಲಿತದ್ದು ಇಷ್ಟು: ಶಾಲೆಯ ಬಾಗಿಲು ಹೊರಗಿನ ಕಳ್ಳನಿಗೆ ಗಟ್ಟಿಯಾಗಿರಬೇಕು, ಒಳಗಿನ ಮಗುವಿಗೆ ಸಲೀಸಾಗಿರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ? ಕಡಿಮೆ ಖರ್ಚಿನಲ್ಲಿ ಸಾಧ್ಯವೇ? ವಿಜ್ಞಾನದ ಸಹಾಯದಿಂದ ಸಾಧ್ಯ. ಒಂದೊಂದಾಗಿ ನೋಡೋಣ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದೇಕೆ?

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಮಳೆಗೆ ಹೆಸರಾದ ಊರು. ಇಂಥ ಕಡೆ ಗಾಳಿಯಲ್ಲೇ ತೇವ ತುಂಬಿರುತ್ತದೆ. ಮರ ಆ ತೇವವನ್ನು ಹೀರಿಕೊಂಡು ಉಬ್ಬುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬುವುದಿಲ್ಲ. ನಾರಿನ ಉದ್ದಕ್ಕೆ ಉಬ್ಬುವುದು ತೀರಾ ಕಡಿಮೆ, ನಾರಿಗೆ ಅಡ್ಡಲಾಗಿ ಉಬ್ಬುವುದೇ ಹೆಚ್ಚು. ಆದ್ದರಿಂದ ಬಾಗಿಲಿನ ಎತ್ತರ ಬಹುತೇಕ ಹಾಗೆಯೇ ಉಳಿದು ಅಗಲ ಮಾತ್ರ ಹೆಚ್ಚುತ್ತದೆ.

ಒಂದು ಲೆಕ್ಕ ಮಾಡಿ. ಉದ್ದುದ್ದ ಹಲಗೆ ಜೋಡಿಸಿದ ಬಾಗಿಲಿನ ಅಗಲ 100 ಸೆಂಟಿಮೀಟರ್. ಅದು ನೂರಕ್ಕೆ ಒಂದು ಭಾಗದಷ್ಟು ಉಬ್ಬಿತು ಎಂದುಕೊಳ್ಳಿ. ಆಗ ಅಗಲ 1 ಸೆಂಟಿಮೀಟರ್, ಅಂದರೆ 10 ಮಿಲಿಮೀಟರ್ ಹೆಚ್ಚಾಯಿತು. ಬಾಗಿಲಿಗೂ ದಾರಂದಕ್ಕೂ ನಡುವೆ 3 ಮಿಲಿಮೀಟರ್ ಸಂದು ಬಿಟ್ಟಿದ್ದರೆ ಬಾಗಿಲು ಕಚ್ಚಿಕೊಳ್ಳದೆ ಇರುತ್ತದೆಯೇ? ಬೇಸಿಗೆಯಲ್ಲಿ ಅಳತೆ ಹಿಡಿದು ಕೂರಿಸಿದ ಬಾಗಿಲು ಆಷಾಢದಲ್ಲಿ ಅಲ್ಲಾಡದಿರುವುದಕ್ಕೆ ಇದೇ ಕಾರಣ.

ನಮ್ಮ ಬಡಗಿಗಳಿಗೆ ಇದು ಪುಸ್ತಕ ಓದದೆಯೇ ಗೊತ್ತು. ಅವರು ಸುತ್ತಲೂ ಪಟ್ಟಿಯ ಚೌಕಟ್ಟು ಮಾಡಿ, ಅದರ ಒಳಗೆ ಗಾಡಿ ಕೊರೆದು, ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುತ್ತಾರೆ. ಹಲಗೆ ಉಬ್ಬಿದರೂ ಗಾಡಿಯೊಳಗೇ ಉಬ್ಬುತ್ತದೆ. ಬಾಗಿಲಿನ ಒಟ್ಟು ಅಗಲ ಅಷ್ಟಾಗಿ ಬದಲಾಗುವುದಿಲ್ಲ.

ಇನ್ನೊಂದು ಗುಟ್ಟು ಬಾಗಿಲಿನ ಅಡಿಯಲ್ಲಿದೆ. ಸಣ್ಣ ಕನ್ನಡಿಯೊಂದನ್ನು ಬಾಗಿಲಿನ ಕೆಳಗೆ ಹಿಡಿದು ಅಡಿ ಅಂಚನ್ನು ನೋಡಿ. ಬಹಳಷ್ಟು ಬಾಗಿಲುಗಳಲ್ಲಿ ಅಲ್ಲಿ ಬಣ್ಣವೇ ಇರುವುದಿಲ್ಲ! ಮರದ ನಾರುಗಳ ತುದಿ ಸೂಕ್ಷ್ಮ ಕೊಳವೆಗಳಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವುದಿಲ್ಲವೇ, ಹಾಗೆಯೇ. ಬಾಗಿಲಿನ ಅಡಿ ಮತ್ತು ತಲೆಯ ಅಂಚಿಗೆ ಬಣ್ಣ ಬಳಿದರೆ ಬಾಗಿಲು ಉಬ್ಬುವುದು, ಕೊಳೆಯುವುದು ಎರಡೂ ಕಡಿಮೆಯಾಗುತ್ತದೆ. ಇದಕ್ಕೆ ತಗಲುವ ಬಣ್ಣ ಒಂದು ಲೋಟದಷ್ಟೂ ಇಲ್ಲ.

ಹಾಗಾದರೆ ಕಬ್ಬಿಣದ ಬಾಗಿಲು ಹಾಕಿಸಿದರೆ? ಅದು ತೇವದಿಂದ ಉಬ್ಬುವುದಿಲ್ಲ. ಬಿಸಿಲಿಗೆ ಉಬ್ಬುತ್ತದೆ, ಆದರೆ ತೀರಾ ಸ್ವಲ್ಪ. 2 ಮೀಟರ್ ಎತ್ತರದ ಕಬ್ಬಿಣದ ಬಾಗಿಲು 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೂ ಉಬ್ಬುವುದು ಸುಮಾರು ಅರ್ಧ ಮಿಲಿಮೀಟರ್ ಅಷ್ಟೆ. ಅದರ ಶತ್ರು ತುಕ್ಕು. ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ಬೀಗದೊಳಗೆ ಸ್ವಲ್ಪ ತುಕ್ಕು ಬಂದರೂ ಬೀಗ ಜಾಮ್ ಆಗುತ್ತದೆ. ಹಿತ್ತಾಳೆಗೆ ಈ ತುಕ್ಕು ಬರುವುದಿಲ್ಲ. ಮಲೆನಾಡಿನ ಶಾಲೆಗೆ ಹಿತ್ತಾಳೆಯ ಬೀಗ ಒಳ್ಳೆಯದೆನ್ನುವುದು ಇದಕ್ಕೇ.

ಬೀಗದ ಹೊಟ್ಟೆಯೊಳಗೆ

ನಿಮ್ಮ ಅಜ್ಜನ ಮನೆಯ ಹೆಬ್ಬಾಗಿಲಿಗೆ ಮರದ ಅಗುಳಿ ಇದ್ದರೆ ನೋಡಿ. ಗೋಡೆಯ ಒಂದು ತೂತಿನಿಂದ ದಪ್ಪ ಮರದ ದಿಂಡನ್ನು ಎಳೆದು ಇನ್ನೊಂದು ಬದಿಯ ತೂತಿಗೆ ಸೇರಿಸುತ್ತಾರೆ. ಹೊರಗಿನಿಂದ ಎಷ್ಟೇ ದೂಡಿದರೂ ಆ ಬಲವೆಲ್ಲ ದಿಂಡಿನ ಮೂಲಕ ಎರಡೂ ಬದಿಯ ಗೋಡೆಗೆ ಹೋಗುತ್ತದೆ. ಅಗುಳಿಗೆ ಕೀಲಿಕೈ ಬೇಡ, ತುಕ್ಕಿನ ಹೆದರಿಕೆ ಇಲ್ಲ. ಆದರೆ ಅದನ್ನು ಹಾಕಲು ಯಾರಾದರೂ ಒಳಗಿರಬೇಕು. ರಾತ್ರಿ ಶಾಲೆಯೊಳಗೆ ಯಾರೂ ಇರುವುದಿಲ್ಲವಾದ್ದರಿಂದ ನಮಗೆ ಬೀಗ ಬೇಕು.

ಪ್ರಾಚೀನ ಈಜಿಪ್ಟಿನ ಜನ ಮರದ ಗೂಟಗಳಿಂದ ಬೀಗ ಮಾಡಿದ್ದರು. ಅದೇ ಉಪಾಯವನ್ನು ಸುಧಾರಿಸಿ ಅಮೆರಿಕದ ಲೈನಸ್ ಯೇಲ್ ಎಂಬಾತ 1860ರ ದಶಕದಲ್ಲಿ ಸಣ್ಣ ಚಪ್ಪಟೆ ಕೀಲಿಕೈಯ ಲೋಹದ ಬೀಗ ರೂಪಿಸಿದ. ಇಂದು ಅಂಗಡಿಯಲ್ಲಿ ಸಿಗುವ ಬಹಳಷ್ಟು ಬೀಗಗಳು ಇದೇ ಜಾತಿಯವು.

ಬೀಗದೊಳಗೆ ತಿರುಗುವ ಒಂದು ಉರುಳೆ ಇದೆ. ಸಾಲಾಗಿ ನಿಂತ ಪುಟ್ಟ ಪಿನ್ನುಗಳು ಅದನ್ನು ತಿರುಗದಂತೆ ತಡೆಯುತ್ತವೆ. ಪ್ರತಿ ಪಿನ್ನೂ ಎರಡು ತುಂಡಾಗಿರುತ್ತದೆ, ಮೇಲಿನಿಂದ ಸ್ಪ್ರಿಂಗ್ ಒತ್ತುತ್ತಿರುತ್ತದೆ. ಕೀಲಿಕೈಯ ಅಂಚಿನಲ್ಲಿ ಬೆಟ್ಟಗುಡ್ಡದ ಹಾಗೆ ಏರಿಳಿತ ಇರುವುದನ್ನು ಕಂಡಿದ್ದೀರಲ್ಲವೇ? ಸರಿಯಾದ ಕೀಲಿಕೈ ಹಾಕಿದಾಗ ಆ ಏರಿಳಿತಗಳು ಪ್ರತಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತವೆ. ಪಿನ್ನುಗಳು ತುಂಡಾದ ಜಾಗವೆಲ್ಲ ಉರುಳೆಯ ಅಂಚಿಗೆ ಸರಿಯಾಗಿ ಒಂದೇ ಗೆರೆಯಲ್ಲಿ ಬರುತ್ತದೆ. ಆಗ ಉರುಳೆ ತಿರುಗುತ್ತದೆ. ಒಂದೇ ಒಂದು ಪಿನ್ನು ಸ್ವಲ್ಪ ಮೇಲೆ ಕೆಳಗೆ ಆದರೂ ತಿರುಗುವುದಿಲ್ಲ.

ಒಂದು ಬೀಗದಲ್ಲಿ 5 ಪಿನ್ನುಗಳಿದ್ದು, ಪ್ರತಿಯೊಂದಕ್ಕೂ 6 ಬೇರೆ ಬೇರೆ ಎತ್ತರ ಇರಬಹುದಾದರೆ ಎಷ್ಟು ಬಗೆಯ ಕೀಲಿಕೈ ಸಾಧ್ಯ? 6 × 6 × 6 × 6 × 6 = 7776! ಮೂರು ಅಂಕಿಯ ನಂಬರ್ ಬೀಗದಲ್ಲಿ 000ರಿಂದ 999ರವರೆಗೆ 1000 ಬಗೆ ಮಾತ್ರ. ಒಂದೊಂದಕ್ಕೆ 3 ಸೆಕೆಂಡಿನಂತೆ ಪ್ರಯತ್ನಿಸಿದರೆ 3000 ಸೆಕೆಂಡ್, ಅಂದರೆ 50 ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಅಂಥ ಬೀಗ ನಿಮ್ಮ ಪೆಟ್ಟಿಗೆಗೆ ಸಾಕು, ಅಕ್ಕಿ ಕೋಣೆಗೆ ಸಾಲದು.

ಬೀಗ ಬಿಗಿಯಾದರೆ ಅಡುಗೆ ಎಣ್ಣೆ ಬಿಡುವುದು ರೂಢಿ. ಸ್ವಲ್ಪ ದಿನ ಅದು ಕೆಲಸ ಮಾಡುತ್ತದೆ. ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಅದರ ಬದಲು ಪೆನ್ಸಿಲಿನ ಕಡ್ಡಿಯನ್ನು ಕೆರೆದು ನುಣ್ಣನೆಯ ಪುಡಿ ಮಾಡಿ ಕೀಲಿಕೈಗೆ ಸವರಿ ಹಾಕಿ ತೆಗೆಯಿರಿ. ಪೆನ್ಸಿಲಿನಲ್ಲಿರುವ ಗ್ರಾಫೈಟ್ ಪದರಗಳು ಒಂದರ ಮೇಲೊಂದು ಜಾರುವುದರಿಂದ ಘರ್ಷಣೆ ಕಡಿಮೆಯಾಗುತ್ತದೆ.

ಬೀಗ ದೊಡ್ಡದಾದರೆ ಸಾಕೇ?

ಸರಪಳಿಯ ಬಲ ಎಷ್ಟು? ಅದರ ಅತಿ ದುರ್ಬಲ ಕೊಂಡಿಯ ಬಲದಷ್ಟೇ. ಬಾಗಿಲೂ ಹಾಗೆಯೇ. ಬೀಗ, ಚಿಲಕ, ಚಿಲಕ ಕೂರಿಸಿದ ಸ್ಕ್ರೂ, ಹಲಗೆ, ಕೀಲು, ದಾರಂದ, ಗೋಡೆ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಅರ್ಧ ಕಿಲೋ ತೂಕದ ಬೀಗ ಹಾಕಿ, ಅದನ್ನು ಹಿಡಿದಿರುವ ಚಿಲಕವನ್ನು ನಾಲ್ಕು ಗಿಡ್ಡ ಸ್ಕ್ರೂಗಳಿಂದ ಕೂರಿಸಿದರೆ ಪ್ರಯೋಜನವೇನು?

ಕೀಲಿನ ಬದಿಯಲ್ಲಿ ನಿಂತು ಬಾಗಿಲನ್ನು ಒಂದು ಬೆರಳಿನಿಂದ ದೂಡಿ. ಆಮೇಲೆ ಚಿಲಕದ ಬದಿಯಲ್ಲಿ ದೂಡಿ. ಕೀಲಿನಿಂದ 20 ಸೆಂಟಿಮೀಟರ್ ದೂರದಲ್ಲಿ ದೂಡಲು ಬೇಕಾದ ಬಲದ ಕಾಲು ಭಾಗ ಸಾಕು, 80 ಸೆಂಟಿಮೀಟರ್ ದೂರದಲ್ಲಿ. ಇದೇ ಸನ್ನೆಯ ತತ್ತ್ವ. ಉದ್ದದ ಕಬ್ಬಿಣದ ಸರಳಿಗೂ ಇದೇ ಬಲ ಇದೆ. ಆದ್ದರಿಂದ ಚಿಲಕಕ್ಕೆ ಸ್ಕ್ರೂ ಬದಲು ಹಲಗೆಯನ್ನು ತೂರಿಹೋಗುವ ಬೋಲ್ಟ್ ಹಾಕಿ, ಒಳಬದಿಯಲ್ಲಿ ಅಗಲವಾದ ವಾಷರ್ ಮತ್ತು ನಟ್ ಬಿಗಿಯಬೇಕು. ಆಗ ಬಲ ಹಲಗೆಯ ಹೆಚ್ಚಿನ ಜಾಗಕ್ಕೆ ಹಂಚಿಹೋಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಿದ್ದೀರಾ? ಅಲ್ಲಿ ಒಂದು ಹೆಬ್ಬಾಗಿಲು ದಾಟಿದರೆ ಇನ್ನೊಂದು ಸುತ್ತಿನ ಗೋಡೆ, ಮತ್ತೊಂದು ಹೆಬ್ಬಾಗಿಲು. ಕೆಳದಿಯ ಅರಸರ ಕಾಲದವರಿಗೆ ಒಂದೇ ಬಾಗಿಲನ್ನು ನಂಬಬಾರದೆಂಬುದು ಗೊತ್ತಿತ್ತು. ಶಾಲೆಯಲ್ಲಿ ಕೋಟೆ ಕಟ್ಟುವುದು ಬೇಡ. ಆದರೆ ಕಾಂಪೌಂಡಿನ ಗೇಟು, ಕಚೇರಿಯ ಬಾಗಿಲು, ಅದರೊಳಗಿನ ಗೋದ್ರೇಜ್ ಬೀರು ಹೀಗೆ ಸುತ್ತು ಸುತ್ತಾಗಿ ಯೋಚಿಸಬಹುದು. ಬೆಲೆಬಾಳುವ ವಸ್ತುಗಳನ್ನೆಲ್ಲ ಒಂದೇ ಕೋಣೆಯಲ್ಲಿ ಇಟ್ಟರೆ ಆ ಒಂದು ಬಾಗಿಲನ್ನು ಗಟ್ಟಿ ಮಾಡಿದರೆ ಸಾಕು. ಎಂಟು ಬಾಗಿಲಿಗೂ ಹಣ ಸುರಿಯಬೇಕಿಲ್ಲ.

ಬಾಗಿಲು ಯಾವ ಕಡೆಗೆ ತೆರೆಯಬೇಕು?

ಈಗ ಎಲ್ಲಕ್ಕಿಂತ ಮುಖ್ಯವಾದ ವಿಚಾರ. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಜಾದೂ ಪ್ರದರ್ಶನ ಇತ್ತು. ಕೊನೆಯಲ್ಲಿ ಬಹುಮಾನ ಹಂಚುತ್ತಾರೆಂದು ಮಹಡಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಮಕ್ಕಳ ಕಡೆಗೇ ತೆರೆಯುವಂಥದು. ಒಬ್ಬೊಬ್ಬರೇ ಹೋಗಲೆಂದು ಅದನ್ನು ಸ್ವಲ್ಪವೇ ತೆರೆದು ಚಿಲಕ ಹಾಕಿದ್ದರು. ಮುಂದಿನವರು ಸಿಕ್ಕಿಕೊಂಡರು, ಹಿಂದಿನವರಿಗೆ ಅದು ತಿಳಿಯಲಿಲ್ಲ. 183 ಮಕ್ಕಳು ತೀರಿಕೊಂಡರು. ಬೆಂಕಿ ಇರಲಿಲ್ಲ, ಭೂಕಂಪ ಇರಲಿಲ್ಲ. ಒಂದು ಬಾಗಿಲು, ಒಂದು ಚಿಲಕ, ಅಷ್ಟೆ.

ಈ ದುರಂತದ ನಂತರ ರಾಬರ್ಟ್ ಬ್ರಿಗ್ಸ್ ಎಂಬಾತ ಹೊಸ ಬಗೆಯ ಚಿಲಕ ಕಂಡುಹಿಡಿದು 1892ರಲ್ಲಿ ಪೇಟೆಂಟ್ ಪಡೆದ. ಬಾಗಿಲಿಗೆ ಅಡ್ಡಲಾಗಿ ಒಂದು ಸರಳು. ಹೊರಗಿನಿಂದ ಅದು ತೆರೆಯುವುದಿಲ್ಲ. ಒಳಗಿನಿಂದ ಮೈ ತಗಲಿದರೂ ಸಾಕು, ತೆರೆದುಕೊಳ್ಳುತ್ತದೆ. ಇಂದಿನ ಚಿತ್ರಮಂದಿರ, ಆಸ್ಪತ್ರೆಗಳಲ್ಲಿ ಇಂಥ ಬಾಗಿಲು ನೋಡಬಹುದು.

ನಮ್ಮ ದೇಶದಲ್ಲೂ ಇಂಥ ದುಃಖ ನಡೆದಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಹುಲ್ಲು ಮಾಡಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಹೊರಬರಲು ಇದ್ದ ದಾರಿ ಇಕ್ಕಟ್ಟಾಗಿತ್ತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಶಾಲೆಗಳೂ ಅಗ್ನಿ ಸುರಕ್ಷತೆಯ ನಿಯಮ ಪಾಲಿಸಬೇಕೆಂದು ಆದೇಶ ನೀಡಿತು. ಹೊರದಾರಿಯ ಬಾಗಿಲುಗಳು ಹೊರಕ್ಕೆ ತೆರೆಯಬೇಕು, ಕನಿಷ್ಠ 1 ಮೀಟರ್ ಅಗಲ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಷ್ಟು ಅಗಲದಲ್ಲಿ ಗಾಲಿಕುರ್ಚಿಯ ಗೆಳೆಯನೂ ಯಾರ ಸಹಾಯವಿಲ್ಲದೆ ಹೋಗಿಬರಬಹುದು.

"ಹೊರಕ್ಕೆ ತೆರೆಯುವ ಬಾಗಿಲಿನ ಕೀಲು ಹೊರಗೆ ಬರುತ್ತದಲ್ಲ ಸಾರ್! ಕಳ್ಳ ಕೀಲಿನ ಕಡ್ಡಿ ತೆಗೆದುಬಿಟ್ಟರೆ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕೀಲಿನ ಬದಿಯ ಅಂಚಿನಲ್ಲಿ ಎರಡು ದಪ್ಪ ಉಕ್ಕಿನ ಗೂಟ ಕೂರಿಸಿ, ಎದುರಿನ ದಾರಂದದಲ್ಲಿ ಅದಕ್ಕೆ ಸರಿಯಾಗಿ ತೂತು ಕೊರೆದರೆ ಆಯಿತು. ಬಾಗಿಲು ಮುಚ್ಚಿದಾಗ ಗೂಟ ತೂತಿನೊಳಗೆ ಕೂರುತ್ತದೆ. ಕೀಲಿನ ಕಡ್ಡಿ ತೆಗೆದರೂ ಬಾಗಿಲು ಕದಲುವುದಿಲ್ಲ. ಮಳೆಯ ಇರಚಲು ಬಾಗಿಲಿಗೆ ಹೊಡೆಯದಿರಲು ನಮ್ಮ ಹಳೆಯ ಜಗಲಿ, ಇಳಿಜಾರು ಸೂರು ಇದ್ದೇ ಇದೆ. ದುರಸ್ತಿಯ ಹೊತ್ತಿನಲ್ಲಿ ಜಗಲಿಯನ್ನು ಒಡೆಯದೆ ಉಳಿಸಿಕೊಳ್ಳಬೇಕು.

ನಾಳೆಗೂ ಸಲ್ಲುವ ಬಾಗಿಲು

ಮುಂದೊಂದು ದಿನ ನಿಮ್ಮ ಶಾಲೆಗೂ ಕಾರ್ಡಿನಿಂದಲೋ ಬೆರಳಚ್ಚಿನಿಂದಲೋ ತೆರೆಯುವ ವಿದ್ಯುತ್ ಬೀಗ ಬರಬಹುದು. ಅದರ ತತ್ತ್ವವನ್ನು ಈಗಲೇ ಮಾಡಿ ನೋಡಿ. ದಪ್ಪ ಕಬ್ಬಿಣದ ಮೊಳೆಗೆ ಹೊದಿಕೆಯಿರುವ ತಾಮ್ರದ ತಂತಿಯನ್ನು ಐವತ್ತು ಸುತ್ತು ಸುತ್ತಿ. ತಂತಿಯ ಎರಡು ತುದಿಗಳ ಹೊದಿಕೆ ಕೆರೆದು ಟಾರ್ಚಿನ ಒಂದು ಸೆಲ್ಲಿಗೆ ಮುಟ್ಟಿಸಿ. ಮೊಳೆ ಗುಂಡುಪಿನ್ನುಗಳನ್ನು ಎತ್ತುತ್ತದೆ. ತಂತಿ ತೆಗೆದರೆ ಪಿನ್ನುಗಳು ಉದುರುತ್ತವೆ. (ತಂತಿ ಬಿಸಿಯಾಗುತ್ತದೆ, ಬಹಳ ಹೊತ್ತು ಮುಟ್ಟಿಸಿ ಇಡಬೇಡಿ. ಮನೆಯ ಕರೆಂಟಿನಲ್ಲಿ ಈ ಪ್ರಯೋಗವನ್ನು ಎಂದೂ ಮಾಡಬೇಡಿ.)

ವಿದ್ಯುತ್ ಬೀಗಗಳಲ್ಲಿ ಎರಡು ಜಾತಿ. ಒಂದು, ಕರೆಂಟು ಇರುವವರೆಗೆ ಮಾತ್ರ ಬಾಗಿಲನ್ನು ಹಿಡಿದಿಡುವುದು. ಕರೆಂಟು ಹೋದರೆ ತೆರೆದುಕೊಳ್ಳುತ್ತದೆ. ಇನ್ನೊಂದು, ಕರೆಂಟು ಹೋದರೂ ಮುಚ್ಚಿಯೇ ಇರುವುದು. ಮಕ್ಕಳು ಕೂರುವ ಕೋಣೆಗೆ ಯಾವುದು? ಅಕ್ಕಿ ಕೋಣೆಗೆ ಯಾವುದು? ಯೋಚಿಸಿ. ಶರಾವತಿಯ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಕೊಡುವ ಸಾಗರ ತಾಲ್ಲೂಕಿನಲ್ಲೇ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕತ್ತಲೆ. ಆದ್ದರಿಂದ ಯಾವ ವಿದ್ಯುತ್ ಬೀಗ ಬಂದರೂ ಕೀಲಿಕೈಯಿಂದ ತೆರೆಯುವ ದಾರಿ ಇರಲೇಬೇಕು. ಒಳಗಿದ್ದವರಿಗೆ ಕೀಲಿಕೈಯೂ ಇಲ್ಲದೆ ಹೊರಬರುವ ದಾರಿ ಇರಬೇಕು.

ಇಂದೇ ಆ ಬೀಗ ಕೊಳ್ಳಬೇಕಿಲ್ಲ. ಗೋಡೆಗೆ ಗಾರೆ ಮಾಡುವಾಗ ದಾರಂದದ ಪಕ್ಕದಿಂದ ಸ್ವಿಚ್ ಬೋರ್ಡಿನವರೆಗೆ ಒಂದು ಖಾಲಿ ಪ್ಲಾಸ್ಟಿಕ್ ಪೈಪ್ ಹೂತಿಟ್ಟರೆ ಸಾಕು. ಮುಂದೆ ತಂತಿ ಎಳೆಯಲು ಗೋಡೆ ಒಡೆಯುವುದು ತಪ್ಪುತ್ತದೆ. ಹಾಗೆಯೇ ಬಾಗಿಲಿನೊಳಗೆ ಕೂರಿಸುವ ಬೀಗವಾದರೆ ಉರುಳೆಯನ್ನಷ್ಟೇ ಬದಲಾಯಿಸಬಹುದಾದ ಜಾತಿಯದನ್ನು ಆರಿಸಬೇಕು. ಕೀಲಿಕೈ ಕಳೆದುಹೋದರೆ ಇಡೀ ಬೀಗ ಕಿತ್ತೆಸೆಯದೆ ಉರುಳೆ ಮಾತ್ರ ಹೊಸದು ಹಾಕಿದರಾಯಿತು.

ನೀವೇ ಮಾಡಿ: ಬಾಗಿಲುಗಳ ಸಮೀಕ್ಷೆ

ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಅಳತೆ ಪಟ್ಟಿ, ಕನ್ನಡಿ, ಪುಸ್ತಕ ಹಿಡಿದು ಶಾಲೆಯ ಪ್ರತಿ ಬಾಗಿಲನ್ನೂ ನೋಡಿ ಬರೆಯಿರಿ.

1. ಬಾಗಿಲಿನ ಅಗಲ ಎಷ್ಟು? ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ?
2. ಅಡಿ ಅಂಚಿಗೆ ಬಣ್ಣ ಇದೆಯೇ? ಒರಲೆ ಹಿಡಿದಿದೆಯೇ?
3. ಚಿಲಕಕ್ಕೆ ಸ್ಕ್ರೂ ಹಾಕಿದೆಯೋ ಬೋಲ್ಟೋ? ಎಷ್ಟು ಸಡಿಲವಾಗಿವೆ?
4. ಒಂದನೇ ತರಗತಿಯ ಮಗುವಿಗೆ ಒಳಗಿನ ಚಿಲಕ ಎಟಕುತ್ತದೆಯೇ?
5. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಸಂದು ಎಷ್ಟು ಮಿಲಿಮೀಟರ್? ಎರಡು ಸಲ ಅಳೆಯಿರಿ.
6. ಎಲ್ಲರೂ ತರಗತಿಯಿಂದ ನೂಕಾಡದೆ ಹೊರಬರಲು ಎಷ್ಟು ಸೆಕೆಂಡ್ ಬೇಕು?

ಆಮೇಲೆ ಮೂರು ಪಟ್ಟಿ ಮಾಡಿ: ಹಣವಿಲ್ಲದೆ ಆಗುವ ಕೆಲಸ, ಸ್ವಲ್ಪ ಹಣದಿಂದ ಆಗುವ ಕೆಲಸ, ದುರಸ್ತಿಯ ಹೊತ್ತಿನಲ್ಲಿ ಆಗಬೇಕಾದ ಕೆಲಸ. ಪೇಟೆಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಬೆಲೆ ಕೇಳಿ ಪಕ್ಕದಲ್ಲಿ ಬರೆಯಿರಿ. ಈ ಪಟ್ಟಿಯನ್ನು ಮುಖ್ಯ ಶಿಕ್ಷಕರ ಮೂಲಕ ಎಸ್.ಡಿ.ಎಂ.ಸಿ. ಸಭೆಗೆ ಕೊಡಿ. ನಿಮ್ಮ ಊರಿನ ಬಡಗಿಯನ್ನೂ ಒಮ್ಮೆ ಶಾಲೆಗೆ ಕರೆಯಿರಿ. ಅವರಿಂದ ಕಲಿಯುವುದು ಬಹಳ ಇದೆ.

ಹಣವಿಲ್ಲದೆ ಆಗುವ ಎರಡು ಕೆಲಸಗಳನ್ನು ನಾಳೆಯೇ ಶುರುಮಾಡಬಹುದು. ತರಗತಿ ನಡೆಯುವಾಗ ಹೊರಗಿನ ಚಿಲಕವನ್ನು ತೆರೆದ ಸ್ಥಿತಿಯಲ್ಲಿಟ್ಟು, ಅದು ಸರಿಯದಂತೆ ಅದಕ್ಕೇ ಬೀಗ ಹಾಕಿಡಿ. ಆಟಕ್ಕೆಂದು ಯಾರೂ ಹೊರಗಿನಿಂದ ಚಿಲಕ ಹಾಕುವಂತಿಲ್ಲ. ಎರಡನೆಯದು, ಸಂಜೆ ಬೀಗ ಹಾಕುವ ಮುಂಚೆ ಒಬ್ಬರು ಕೋಣೆಯೊಳಗೆ ಹೋಗಿ, ಬೆಂಚಿನ ಹಿಂದೆ ಬಾಗಿಲ ಮರೆಯಲ್ಲಿ ನೋಡಿ, "ಯಾರಾದರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೇಳಬೇಕು.

ನಾನು ಇಂದಿಗೂ ಯಾವ ಶಾಲೆಗೆ ಹೋದರೂ ಹಾಗೆ ಕೇಳಿಯೇ ಬಾಗಿಲು ಹಾಕುತ್ತೇನೆ.